ಕಬ್ಬಿನ ನಾಡಿನಲ್ಲಿ ಫಿಟ್‌ನೆಸ್ ಟ್ರೈನರ್ ಆಗಿ ಬದುಕು ಕಟ್ಟಿಕೊಳ್ಳುವುದು ಹೇಗೆ?

'ಜಿಮ್ ಮಾಸ್ಟ್ರಾದ್ರೆ ತಿಂಗ್ಳಿಗೆ ಎಷ್ಟ್ ಬತ್ತದೆ?' ಮಗನೋ ಮಗಳೋ ಈ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಪಾಂಡವಪುರದ ಅಪ್ಪನಾಗಲಿ, ನಾಗಮಂಗಲದ ಅವ್ವನಾಗಲಿ ಮೊದಲು ಕೇಳುವುದು ಇದನ್ನೇ. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ನಿಮ್ಮ ತೋಳಿನ ಸುತ್ತಳತೆಯ ಮೇಲೆ ನಿಂತಿಲ್ಲ, ನೀವು ಯಾರಿಗೆ ಕಲಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಕಡೆ ಜಿಮ್‌ಗೆ ಬರುವ ಹುಡುಗರಿಗೆ ಬರವಿಲ್ಲ. ಆದರೆ ಇಪ್ಪತ್ತರ ಹುಡುಗ ಊರ ಹಬ್ಬಕ್ಕೆ ಎರಡು ತಿಂಗಳಿರುವಾಗ ಸೇರುತ್ತಾನೆ, ಹಬ್ಬ ಮುಗಿದ ಮೇಲೆ ಬಿಡುತ್ತಾನೆ. ತಿಂಗಳು ತಿಂಗಳು ತಪ್ಪದೆ ಶುಲ್ಕ ಕಟ್ಟುವವರು ಬೇರೆ. ಸಕ್ಕರೆ ಕಾಯಿಲೆ ಬಂದ ನಲವತ್ತೈದರ ಬ್ಯಾಂಕ್ ನೌಕರ, ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ಶಿಕ್ಷಕಿ, ಹೆರಿಗೆಯ ನಂತರ ಸೊಂಟ ಹಿಡಿದುಕೊಂಡ ತಾಯಿ, ಪೊಲೀಸ್ ಪರೀಕ್ಷೆಯ ಓಟಕ್ಕೆ ತಯಾರಾಗುವ ಪದವೀಧರ. ಇವರನ್ನು ನೋಡಿಕೊಳ್ಳಲು ಕಲಿತ ಟ್ರೈನರ್‌ಗೆ ಈ ಸೀಮೆಯಲ್ಲಿ ಒಳ್ಳೆಯ ಸಂಪಾದನೆಯಿದೆ. ಅದು ಗೊತ್ತಿಲ್ಲದೆ ಸಾಲ ಮಾಡಿ ಮೆಷಿನ್ ತಂದವರಿಗೆ ಕಷ್ಟವಿದೆ.

ಈ ಕಸುಬು ನಮ್ಮ ಸೀಮೆಗೆ ಹೊಸದೇನಲ್ಲ. ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಜಟ್ಟಿಯೆಂದು ಹೆಸರಾದವರು. 1610ರಲ್ಲಿ ರಾಜ ಒಡೆಯರು ಈ ಪಟ್ಟಣದಲ್ಲಿ ಶುರುಮಾಡಿದ ದಸರಾ ಮೈಸೂರಿಗೆ ಹೋದ ಮೇಲೂ ಕುಸ್ತಿಯನ್ನು ಬಿಡಲಿಲ್ಲ. ಇಂದಿಗೂ ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಮೈಸೂರು, ಮಂಡ್ಯ ಸೀಮೆಯ ಪೈಲ್ವಾನರು ಹೆಸರು ಕೊಡುತ್ತಾರೆ. ಗರಡಿಮನೆಯ ವಸ್ತಾದ್ ಮಾಡುತ್ತಿದ್ದುದು ಇಂದಿನ ಪರ್ಸನಲ್ ಟ್ರೈನರ್‌ನ ಕೆಲಸವನ್ನೇ. ಯಾರಿಗೆ ಎಷ್ಟು ದಂಡ, ಎಷ್ಟು ಬಸ್ಕಿ, ಯಾರ ಕೈಗೆ ಯಾವ ತೂಕದ ಗದೆ ಎಂದು ಹುಡುಗನ ಮೈಕಟ್ಟು ನೋಡಿಯೇ ಹೇಳುತ್ತಿದ್ದ. ಆತ ಕಾಣಿಕೆಗೆ ಕಲಿಸಿದ. ಅದನ್ನೇ ವೃತ್ತಿಯಾಗಿ ಮಾಡಿದ ಕನ್ನಡಿಗ ಬೇಕೆಂದರೆ ಕೆ.ವಿ. ಅಯ್ಯರ್ ಅವರನ್ನು ನೋಡಬೇಕು.

'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಗೊತ್ತಿರುವ ಅಯ್ಯರ್ ಕೋಲಾರದ ಕಡೆಯವರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. ಹಠಯೋಗವನ್ನೂ ಕಬ್ಬಿಣದ ಗುಂಡುಗಳ ವ್ಯಾಯಾಮವನ್ನೂ ಒಂದೇ ಪಾಠದಲ್ಲಿ ಬೆಸೆದರು, ಅದರ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಎಲ್ಲಕ್ಕಿಂತ ಮುಖ್ಯವಾಗಿ, ದೂರದ ಊರಿನವರಿಗೆ ಅಂಚೆಯಲ್ಲಿ ಪಾಠ ಕಳಿಸಿ ಶುಲ್ಕ ಪಡೆದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಅದೇ ಆನ್‌ಲೈನ್ ತರಬೇತಿ. ಒಬ್ಬ ಟ್ರೈನರ್ ತನ್ನ ಊರಿನ ಗಡಿ ದಾಟಿ ಸಂಪಾದಿಸಬಹುದು, ಆದರೆ ಅದಕ್ಕೆ ಬರೆಯಲು, ವಿವರಿಸಲು, ಕ್ರಮವಾಗಿ ಪಾಠ ಹೂಡಲು ಬರಬೇಕು. ಅಯ್ಯರ್ ಅವರ ಬದುಕಿನಿಂದ ನಮ್ಮ ಹುಡುಗರು ಕಲಿಯಬೇಕಾದದ್ದು ಇದನ್ನು.

ಕಲಿಕೆ ಎಲ್ಲಿ, ಯಾವುದು?

ಭಾರತದಲ್ಲಿ ಟ್ರೈನರ್ ಆಗಲು ವೈದ್ಯರಿಗಿರುವಂತೆ ಸರ್ಕಾರಿ ಲೈಸೆನ್ಸ್ ಇಲ್ಲ. ಹಾಗಾಗಿಯೇ ಆರು ತಿಂಗಳು ಜಿಮ್‌ಗೆ ಹೋದವರೆಲ್ಲ ಮಾಸ್ಟರ್ ಆಗುತ್ತಾರೆ, ಹಾಗಾಗಿಯೇ ಪ್ರಮಾಣಪತ್ರ ಇರುವವರಿಗೆ ಬೆಲೆ ಹೆಚ್ಚು. ಕೇಂದ್ರದ ಕೌಶಲ್ಯ ವ್ಯವಸ್ಥೆಯಡಿ ಕ್ರೀಡೆ ಮತ್ತು ಫಿಟ್‌ನೆಸ್‌ಗೆ ಪ್ರತ್ಯೇಕ ಕೌಶಲ್ಯ ಮಂಡಳಿಯಿದೆ. ಅದು ನಿಗದಿಪಡಿಸಿದ 'ಫಿಟ್‌ನೆಸ್ ಟ್ರೈನರ್' ಅರ್ಹತೆ ಕಡಿಮೆ ಖರ್ಚಿನ ಮೊದಲ ಮೆಟ್ಟಿಲು. ಅಲ್ಲಿಂದ ಮುಂದೆ ಅಮೆರಿಕದ ಏಸ್, ನ್ಯಾಸಮ್, ಎಸಿಎಸ್‌ಎಮ್ ಸಂಸ್ಥೆಗಳ ಪರೀಕ್ಷೆಗಳಿವೆ. ಶುಲ್ಕ ದುಬಾರಿ, ಪಾಠ ಇಂಗ್ಲಿಷ್. ಆದರೆ ಬೆಂಗಳೂರಿನ ದೊಡ್ಡ ಜಿಮ್‌ಗಳಿಗೆ ಅಥವಾ ಗಲ್ಫ್ ದೇಶಗಳಿಗೆ ಹೋಗುವ ಮನಸ್ಸಿದ್ದರೆ ಇಂಥದ್ದೊಂದು ಬೇಕಾಗುತ್ತದೆ. ಏಸ್ ಪರೀಕ್ಷೆಗೆ 18 ವರ್ಷ ತುಂಬಿರಬೇಕು, ಸಿಪಿಆರ್ ತರಬೇತಿಯ ಪ್ರಮಾಣಪತ್ರವೂ ಇರಬೇಕು.

ಯೋಗದ ಒಲವಿದ್ದವರಿಗೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಶನ್ ಬೋರ್ಡ್ ಪರೀಕ್ಷೆಗಳಿವೆ. ಶ್ರೀರಂಗಪಟ್ಟಣದವರಿಗೆ ಇದು ವಿಶೇಷ ಲಾಭದ ಹಾದಿ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಜಗತ್ತಿನ ಮೂಲೆಮೂಲೆಯಿಂದ ಜನ ಬರುವ ಮೈಸೂರಿನ ಗೋಕುಲಂ ಅರ್ಧ ಗಂಟೆಯ ದಾರಿ. ಪದವಿಯೇ ಬೇಕೆಂದರೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದೈಹಿಕ ಶಿಕ್ಷಣದ ಕೋರ್ಸುಗಳಿವೆ. ಬಿ.ಪಿ.ಎಡ್. ಮಾಡಿದವರಿಗೆ ಶಾಲೆಯ ಪಿ.ಟಿ. ಮಾಸ್ಟರ್ ಕೆಲಸದ ದಾರಿಯೂ ತೆರೆದಿರುತ್ತದೆ. ಮನೆಯವರನ್ನು ಒಪ್ಪಿಸಲು ಇದೊಂದು ಗಟ್ಟಿ ಕಾರಣ.

ಯಾವ ಕೋರ್ಸ್ ಸೇರಿದರೂ ಒಂದು ಪರೀಕ್ಷೆಯನ್ನು ನಿಮಗೆ ನೀವೇ ಇಟ್ಟುಕೊಳ್ಳಿ. ಬಸ್ಕಿ ಹೊಡೆಯುವಾಗ ಮಂಡಿ ಒಳಗೆ ಬಾಗುವುದು ಏಕೆ, ಬಿ.ಪಿ. ಇರುವವರು ಭಾರ ಎತ್ತುವಾಗ ಉಸಿರು ಹಿಡಿಯಬಾರದು ಏಕೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮಕ್ಕಿಳಿದರೆ ಏನಾಗಬಹುದು ಎಂಬುದನ್ನು ನಿಮ್ಮ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಲು ಬಂದರೆ ಮಾತ್ರ ಕೋರ್ಸ್ ಮುಗಿದಂತೆ.

ಜೀವದ ಪ್ರಶ್ನೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಆ ವಾರವೆಲ್ಲ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2025ರ ಜೂನ್, ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗಲೂ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ತುಂಬಿ ತುಳುಕಿತು. ಜಿಮ್ ಎಂದರೆ ಹೆದರುವ ಮನೆಗಳು ನಮ್ಮಲ್ಲಿ ಇವತ್ತಿಗೂ ಇವೆ. ಆ ಭಯಕ್ಕೆ ಗೌರವ ಕೊಡುವ ಟ್ರೈನರ್‌ಗೇ ಜನ ಮಕ್ಕಳನ್ನು, ಹೆತ್ತವರನ್ನು ಒಪ್ಪಿಸುವುದು.

ಮೊದಲ ದಿನ ಭಾರ ಎತ್ತಿಸಬೇಡಿ. ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ಪಟ್ಟಿಯಿದೆ. ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಕೀಲುಗಳ ತೊಂದರೆ ಇದೆಯೇ ಎಂಬ ಬಗೆಯ ಪ್ರಶ್ನೆಗಳು. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಎದುರಿಗೆ ಕೂತು ಒಂದೊಂದಾಗಿ ಕೇಳಿ, ಸಹಿ ಪಡೆಯಿರಿ. ಒಂದಕ್ಕೆ ಹೌದು ಎಂದರೂ 'ಡಾಕ್ಟ್ರ ಹತ್ರ ಒಂದ್ಸಲ ತೋರಿಸ್ಕೊಂಡು ಚೀಟಿ ತನ್ನಿ ಅಣ್ಣ' ಎಂದು ವಾಪಸ್ ಕಳಿಸುವ ಧೈರ್ಯ ಇರಬೇಕು. ಆ ದಿನದ ಶುಲ್ಕ ಹೋಗಬಹುದು, ಆದರೆ ಆ ಡಾಕ್ಟರು ಮುಂದೆ ತಮ್ಮ ರೋಗಿಗಳನ್ನು ನಿಮ್ಮ ಬಳಿಗೇ ಕಳಿಸುತ್ತಾರೆ. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ. ಸುತ್ತಲಿನ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳ ಪರಿಚಯ ಬೆಳೆಸಿಕೊಳ್ಳಿ. ನೋವಿಗೆ ಚಿಕಿತ್ಸೆ ಅವರ ಕೆಲಸ. ನೋವು ಇಳಿದ ಮೇಲೆ ಬಲ ತುಂಬುವುದು ನಿಮ್ಮದು. ಈ ಗೆರೆ ದಾಟಬೇಡಿ.

ಸಿಪಿಆರ್ ಕಲಿಯದೆ ಯಾರನ್ನೂ ಮುಟ್ಟಬೇಡಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಇದು ಓದಿ ಬರುವ ವಿದ್ಯೆಯಲ್ಲ, ಗೊಂಬೆಯ ಮೇಲೆ ಒತ್ತಿ ಕಲಿಯಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಗೋಡೆಯ ಮೇಲೆ ನಾಯಕನಟರ ಚಿತ್ರದ ಪಕ್ಕದಲ್ಲೇ 108 ಎಂದು ದೊಡ್ಡದಾಗಿ ಬರೆಸಿ. ಒಂದು ಡಬ್ಬಿಯಲ್ಲಿ ಸಕ್ಕರೆ ಇಟ್ಟಿರಿ. ಸಕ್ಕರೆ ಕಾಯಿಲೆಯವರು ಬೆವತು ನಡುಗತೊಡಗಿದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಕೂರಿಸಿ, ಮನೆಯವರಿಗೆ ಫೋನ್ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ನೇರವಾಗಿ 108ಕ್ಕೆ ಕರೆಮಾಡಿ.

ಇನ್ನೊಂದು ಮಾತನ್ನು ಸಿಟ್ಟಿನಿಂದಲೇ ಹೇಳಬೇಕು. ಮೂರೇ ತಿಂಗಳಲ್ಲಿ ಮೈ ಮಾಡಿಕೊಡುತ್ತೇನೆಂದು ಸ್ಟೆರಾಯ್ಡ್ ಸೂಜಿ ಚುಚ್ಚುವವರು ಟ್ರೈನರ್‌ಗಳಲ್ಲ. ಹೃದಯ, ಪಿತ್ತಜನಕಾಂಗ, ಸಂತಾನಶಕ್ತಿ ಮೂರಕ್ಕೂ ಅದು ಕುತ್ತು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಅಪರಾಧ. ಪ್ರೋಟೀನ್ ಪುಡಿಯ ಕಮಿಷನ್ ಆಸೆಗೂ ಬೀಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕು. ನಮ್ಮ ರಾಗಿಮುದ್ದೆಯಿಂದ ಅದರಲ್ಲಿ ಸಿಗುವುದು ಅಲ್ಪ. ಆದರೆ ನೂರು ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂಗೂ ಹೆಚ್ಚು, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಹಾಗಾಗಿ ಮುದ್ದೆ ಬಿಡಿ ಎನ್ನಬೇಡಿ. ಮುದ್ದೆ ಸ್ವಲ್ಪ ಚಿಕ್ಕದಾಗಲಿ, ಬಸ್ಸಾರಿನ ಜೊತೆ ಕಾಳಿನ ಪಲ್ಯ ಎರಡು ಸೌಟು ಹೆಚ್ಚಾಗಲಿ ಎನ್ನಿ. ಮನೆಯ ಊಟದೊಳಗೇ ದಾರಿ ತೋರಿಸಿದ ಮಾಸ್ಟರ ಮಾತನ್ನು ಮನೆಯವರು ಪಾಲಿಸುತ್ತಾರೆ.

ದುಡ್ಡಿನ ಲೆಕ್ಕ

ಸಣ್ಣ ಊರಿನ ಜಿಮ್‌ನಲ್ಲಿ ಫ್ಲೋರ್ ಟ್ರೈನರ್ ಸಂಬಳವನ್ನೇ ನಂಬಿ ಕೂತರೆ ಸಂಸಾರ ಸಾಗದು. ನಗರದ ಜಿಮ್‌ಗಳಲ್ಲಿ ಪರ್ಸನಲ್ ಟ್ರೈನಿಂಗ್ ಶುಲ್ಕ ಹೆಚ್ಚಿದ್ದರೂ ಅದರಲ್ಲಿ ಜಿಮ್‌ಗೆ ಒಂದು ಪಾಲು ಹೋಗುತ್ತದೆ. ಸೇರುವ ಮುನ್ನ ಆ ಪಾಲು ಎಷ್ಟೆಂದು ಬರಹದಲ್ಲಿ ಪಡೆಯಿರಿ. ಮೊದಲ ಒಂದೆರಡು ವರ್ಷ ಮೈಸೂರಿನ ಒಳ್ಳೆಯ ಜಿಮ್ ಒಂದರಲ್ಲಿ ಕೆಲಸ ಮಾಡುವುದು ಜಾಣತನ. ಶ್ರೀರಂಗಪಟ್ಟಣ, ಪಾಂಡವಪುರಗಳಿಂದ ರೈಲಿನಲ್ಲೂ ಹೋಗಿಬರಬಹುದು. ಹೆಸರಾಂತ ಟ್ರೈನರ್ ಹೇಗೆ ಮಾತಾಡುತ್ತಾರೆ, ನೋವಿದೆ ಎಂದವರಿಗೆ ಯಾವ ವ್ಯಾಯಾಮ ಬದಲಿಸಿ ಕೊಡುತ್ತಾರೆ, ಬಾರದೇ ಹೋದವರಿಗೆ ಹೇಗೆ ಫೋನ್ ಮಾಡುತ್ತಾರೆ ಎಂಬುದನ್ನೆಲ್ಲ ಕಣ್ಣಾರೆ ಕಲಿಯಬೇಕು.

ಆಮೇಲೆ ಊರಿಗೆ ಬಂದು ಸ್ವಂತಕ್ಕೆ ನಿಲ್ಲುವವರಿಗೆ ಒಂದು ಉದಾಹರಣೆಯ ಲೆಕ್ಕ ಕೊಡುತ್ತೇನೆ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ, ಒಟ್ಟು ದಿನಕ್ಕೆ ಆರು ತಾಸು ಪಾಠ. ಒಬ್ಬೊಬ್ಬರಿಗೆ ವಾರಕ್ಕೆ ಮೂರು ದಿನ. ಸೋಮ, ಬುಧ, ಶುಕ್ರ ಒಬ್ಬರು; ಮಂಗಳ, ಗುರು, ಶನಿ ಇನ್ನೊಬ್ಬರು. ಆರು ತಾಸಿಗೆ ಹನ್ನೆರಡು ಜನ. ತಾಸಿಗೆ 300 ರೂಪಾಯಿಯಂತೆ ತಿಂಗಳ 12 ಪಾಠಕ್ಕೆ ಒಬ್ಬರಿಂದ 3,600. ಹನ್ನೆರಡು ಜನರಿಂದ 43,200. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕೆ.ಆರ್. ಪೇಟೆಯಲ್ಲಿ ತಿಂಗಳಿಗೆ 3,600 ಕೊಡುವ ಹನ್ನೆರಡು ಜನರನ್ನು ವರ್ಷವಿಡೀ ಉಳಿಸಿಕೊಳ್ಳುವುದು ಕಷ್ಟ.

ಅದೇ ತಾಸಿನಲ್ಲಿ ಒಬ್ಬರ ಬದಲು ಐದು ಜನರ ಬ್ಯಾಚ್ ಮಾಡಿ, ಒಬ್ಬರಿಗೆ 1,200 ಇಡಿ. ಆರು ತಾಸಿಗೆ ಹನ್ನೆರಡು ಬ್ಯಾಚ್, ಅರವತ್ತು ಜನ, 72,000 ರೂಪಾಯಿ. ಅರ್ಧ ಮಾತ್ರ ತುಂಬಿದರೂ 36,000. ಕಟ್ಟುವವರಿಗೆ ಮೂರನೇ ಒಂದು ಭಾಗದ ಹೊರೆ, ನಿಮಗೆ ಹೆಚ್ಚಿನ ವರಮಾನ. ಒಬ್ಬರು ಬಿಟ್ಟುಹೋದರೆ ಕುಸಿಯುವ ಭಯವೂ ಇಲ್ಲ. ಐದಕ್ಕಿಂತ ಹೆಚ್ಚು ಜನರನ್ನು ಮಾತ್ರ ತುಂಬಬೇಡಿ. ಆರನೆಯವರ ಬೆನ್ನು ಬಾಗಿದ್ದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ಊರಿನಲ್ಲಿ ಒಳ್ಳೆಯ ಆದಾಯದ ಗುಟ್ಟು ಈ ಸಣ್ಣ ಬ್ಯಾಚಿನಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರಿಗೇ ಪಾಠ ಬೇಕೆನ್ನುವ ವೈದ್ಯರು, ವ್ಯಾಪಾರಸ್ಥರು ಇದ್ದೇ ಇರುತ್ತಾರೆ. ಅವರಿಗೆ ತಾಸಿಗೆ 300 ಅಲ್ಲ, ಅದಕ್ಕಿಂತ ಹೆಚ್ಚೇ ಕೇಳಿ.

ಸಮಯ ಆರಿಸುವಾಗ ಪೇಟೆಯ ರೂಢಿಯನ್ನು ಹಾಗೇ ತರಬೇಡಿ. ಬೆಳಿಗ್ಗೆ ಆರರಿಂದ ಎಂಟು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು. ಸಂಜೆಯೂ ಹಾಗೆಯೇ. ಮಕ್ಕಳ ಸ್ಕೂಲ್ ಬಸ್ ಹೋಗಿ, ತಿಂಡಿ ಪಾತ್ರೆ ತೊಳೆದಾದ ಮೇಲೆ, ಹತ್ತೂವರೆಯಿಂದ ಹನ್ನೆರಡೂವರೆ ಅವರಿಗೆ ಬಿಡುವು. ಬೇರೆ ಜಿಮ್‌ಗಳು ಬಾಗಿಲು ಹಾಕುವ ಈ ಹೊತ್ತಿನಲ್ಲಿ ಮಹಿಳೆಯರ ಬ್ಯಾಚ್ ಇಟ್ಟರೆ ಮೇಲಿನ ಲೆಕ್ಕಕ್ಕೆ ಇನ್ನೆರಡು ತಾಸು ಸೇರುತ್ತದೆ. ಶುಲ್ಕದ ತಾರೀಖನ್ನೂ ಒಂದನೇ ತಾರೀಖಿಗೆ ಕಟ್ಟಿಹಾಕಬೇಡಿ. ಹಾಲಿನ ಬಟವಾಡೆಯ ಮರುದಿನ ಕೇಳಿದರೆ ಕೊಡುವ ಕೈಗೂ ಸರಾಗ. ಕಬ್ಬಿನ ಹಣ ಬಂದಾಗ ಆರು ತಿಂಗಳದ್ದು ಒಟ್ಟಿಗೆ ಕಟ್ಟುವ ರೈತರಿಗೆ ಒಂದು ತಿಂಗಳು ಬಿಟ್ಟುಕೊಡಿ.

ಮಹಿಳಾ ಟ್ರೈನರ್‌ಗಳಿಗಂತೂ ಈ ತಾಲ್ಲೂಕುಗಳಲ್ಲಿ ಬಾಗಿಲು ತೆರೆದೇ ಇದೆ. ಗಂಡಸು ಕಲಿಸುವ ಜಾಗಕ್ಕೆ ಬರಲು ಒಪ್ಪದ ಎಷ್ಟೋ ಅಕ್ಕಂದಿರು, ಅತ್ತೆಯರು ಹೆಣ್ಣುಮಗಳೊಬ್ಬಳು ಕಲಿಸುತ್ತಾಳೆಂದರೆ ಬರುತ್ತಾರೆ. ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘಗಳ ಸಭೆಗಳಲ್ಲಿ ಹತ್ತು ನಿಮಿಷ ಕೇಳಿಕೊಂಡು ಮಾತಾಡಿ. ಮಾತಿಗಿಂತ ಒಂದು ಸಣ್ಣ ಪರೀಕ್ಷೆ ಮಾಡಿ ತೋರಿಸುವುದು ಉತ್ತಮ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಸಿ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಹಿರಿಯರ ಕಾಲಿನ ಬಲ ಅಳೆಯಲು ಜಗತ್ತಿನಾದ್ಯಂತ ಬಳಸುವ ಪರೀಕ್ಷೆ ಇದು. ಐವತ್ತೆಂಟರ ಅವ್ವ ಏಳಕ್ಕೇ ಸುಸ್ತಾದರೆ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಪಾಠವನ್ನು ಎತ್ತರದ ಕುರ್ಚಿಯಿಂದ ಶುರುಮಾಡಿ. ಪಾದ ಭುಜದಗಲ, ಮಂಡಿ ಕಾಲ್ಬೆರಳಿನ ನೇರಕ್ಕೆ, ಏಳುವಾಗ ಉಸಿರು ಹೊರಕ್ಕೆ. ಎರಡು ವಾರ ಕಳೆದ ಮೇಲೆ ಕುರ್ಚಿ ತುಸು ತಗ್ಗಿಸಿ. ಆಮೇಲೆ ಎರಡು ಕೈಗೂ ಅರ್ಧ ತುಂಬಿದ ಹಾಲಿನ ಕ್ಯಾನ್ ಕೊಟ್ಟು ಹತ್ತು ಹೆಜ್ಜೆ ನಡೆಸಿ. ಎರಡು ತಿಂಗಳ ನಂತರ ಮತ್ತೆ ಎಣಿಸಿದಾಗ ಹನ್ನೆರಡೋ ಹದಿಮೂರೋ ಬಂದರೆ ಆ ಅವ್ವ ಕೇರಿಯಲ್ಲೆಲ್ಲ ಅದನ್ನು ಹೇಳಿಕೊಂಡು ಬರುತ್ತಾರೆ.

ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓಡುವವರ ಬ್ಯಾಚ್ ಇನ್ನೊಂದು ನಂಬಿಕೆಯ ಆದಾಯ. ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಜೊತೆಗೆ ಜಿಗಿತ, ಗುಂಡು ಎಸೆತ. ಸೇನೆಯ ಅಗ್ನಿವೀರ ನೇಮಕಾತಿಗೆ ಹೋಗುವವರಿಗೆ 1.6 ಕಿಲೋಮೀಟರ್ ಓಟದ ಮೇಲೆ ಪುಲ್-ಅಪ್, 9 ಅಡಿ ಕಂದಕ ಜಿಗಿತ. ಇದಕ್ಕೆ ಮೆಷಿನ್ ಬೇಡ, ಕಾಲೇಜು ಮೈದಾನ, ಸ್ಟಾಪ್‌ವಾಚ್, ಒಂದು ಕಬ್ಬಿಣದ ಸರಳು ಸಾಕು. ಅಧಿಸೂಚನೆ ಬಂದ ಮೇಲೆ ಓಡಲು ಶುರುಮಾಡಿ ಮೊಣಕಾಲ ಕೆಳಗಿನ ಮೂಳೆ ನೋಯಿಸಿಕೊಳ್ಳುವ ಹುಡುಗರೇ ಹೆಚ್ಚು. ಮೂರು ತಿಂಗಳ ಮೊದಲೇ ಕರೆದು ನಿಧಾನವಾಗಿ ದೂರ ಏರಿಸಿ. ಬಡಮಕ್ಕಳಿಂದ ಕಡಿಮೆ ತೆಗೆದುಕೊಳ್ಳಿ, ಆಯ್ಕೆಯಾದವರು ನಿಮ್ಮ ಹೆಸರನ್ನು ಊರೂರಿಗೆ ಒಯ್ಯುತ್ತಾರೆ.

ಜಾಗ, ಕಾಗದ, ಸಾಲ

ಮೊದಲ ವರ್ಷ ಟ್ರೆಡ್‌ಮಿಲ್ ಬೇಡವೇ ಬೇಡ. ಬೆಲೆ ಹೆಚ್ಚು, ಕರೆಂಟ್ ಹೋದರೆ ನಿಂತುಬಿಡುತ್ತದೆ. ಚಾಪೆ, ರಬ್ಬರ್ ಬ್ಯಾಂಡ್, ನಾಲ್ಕು ಅಳತೆಯ ಡಂಬ್‌ಬೆಲ್, ಒಂದೆರಡು ಕೆಟಲ್‌ಬೆಲ್, ಗಟ್ಟಿ ಕುರ್ಚಿಗಳು, ಊರಿನ ಬಡಗಿ ಮಾಡಿಕೊಡುವ ಮರದ ಗದೆ ಸಾಕು. ಹಗಲಲ್ಲಿ ಖಾಲಿ ಇರುವ ಸಮುದಾಯ ಭವನವನ್ನೋ ಶಾಲೆಯ ಹಜಾರವನ್ನೋ ತಾಸಿನ ಲೆಕ್ಕಕ್ಕೆ ಬಾಡಿಗೆಗೆ ಕೇಳಿ. ಪಾಂಡವಪುರದವರು ಭಾನುವಾರ ಬ್ಯಾಚನ್ನು ಕುಂತಿಬೆಟ್ಟಕ್ಕೆ, ಶ್ರೀರಂಗಪಟ್ಟಣದವರು ಕರಿಘಟ್ಟದ ಮೆಟ್ಟಿಲುಗಳಿಗೆ ಕರೆದೊಯ್ಯಬಹುದು.

ಸ್ವಂತ ಜಾಗ ಮಾಡುವಾಗ ಪುರಸಭೆಯ ಉದ್ದಿಮೆ ಪರವಾನಗಿ, ಉಚಿತವಾಗಿ ಸಿಗುವ ಉದ್ಯಮ್ ನೋಂದಣಿ, ಪ್ರತ್ಯೇಕ ಬ್ಯಾಂಕ್ ಖಾತೆ ಮಾಡಿಸಿ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ದಾಟಿದರೂ 2025ರ ಸೆಪ್ಟೆಂಬರ್ 22ರಿಂದ ಜಿಮ್, ಯೋಗ ಕೇಂದ್ರಗಳ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ. ಮೇಲೆ ಹೇಳಿದ ಸಾಮಾನಿಗೆ ಶಿಶು ಸಾಲವೇ ಸಾಕಾದೀತು. ಅದಕ್ಕಿಂತ ದೊಡ್ಡದಕ್ಕೆ ಕೈಹಾಕುವ ಮುನ್ನ ಮೂವತ್ತು ಜನ ಖಾಯಂ ಗ್ರಾಹಕರು ಆರು ತಿಂಗಳು ನಿಂತಿರಬೇಕು.

ಊರಿನ ಬ್ಯಾಚ್ ಗಟ್ಟಿಯಾದ ಮೇಲೆ ಅಯ್ಯರ್ ಅವರ ಅಂಚೆ ಪಾಠದ ದಾರಿ ಹಿಡಿಯಿರಿ. ಕೆ.ಆರ್. ಪೇಟೆ, ನಾಗಮಂಗಲಗಳಿಂದ ಮುಂಬೈಗೆ ದುಡಿಯಲು ಹೋದ ಕುಟುಂಬಗಳು ಬಹಳ. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವ ಮಕ್ಕಳ ಚಿಂತೆಯೆಲ್ಲ ಊರಲ್ಲಿ ಉಳಿದ ಅಪ್ಪ, ಅವ್ವನ ಆರೋಗ್ಯದ್ದು. ವಾರಕ್ಕೆ ಮೂರು ದಿನ ಮನೆಗೇ ಹೋಗಿ ಆ ಹಿರಿಯರನ್ನು ಎದ್ದು ಕೂರಿಸಿ, ನಡೆಸಿ, ತಿಂಗಳ ಕೊನೆಗೆ ಕುರ್ಚಿ ಪರೀಕ್ಷೆಯ ಸಂಖ್ಯೆ, ನಡೆದ ನಿಮಿಷಗಳು, ವೈದ್ಯರಿಗೆ ತೋರಿಸಿದ ದಿನ ಇಷ್ಟನ್ನು ವಾಟ್ಸ್‌ಆ್ಯಪ್‌ನಲ್ಲಿ ಮಗನಿಗೋ ಮಗಳಿಗೋ ಕಳಿಸುವ ಟ್ರೈನರ್‌ಗೆ ನಗರದ ದರವನ್ನೇ ಕೊಡುವವರಿದ್ದಾರೆ. ಹಿರಿಯರ ಒಪ್ಪಿಗೆ ಪಡೆದೇ ಕಳಿಸಿ, ಅವರ ವಿಡಿಯೋವನ್ನು ಕೇಳದೆ ಎಲ್ಲಿಯೂ ಹಾಕಬೇಡಿ. ಶುರುಮಾಡಲು ಒಬ್ಬರು ಸಾಕು: ನಿಮ್ಮದೇ ಬೀದಿಯಲ್ಲಿ, ಮಕ್ಕಳು ದೂರವಿರುವ ಒಂದು ಮನೆಯ ಹಿರಿಯರನ್ನು ಈ ವಾರ ಮಾತಾಡಿಸಿ, ಏಳು ಪ್ರಶ್ನೆ ಕೇಳಿ, ಕುರ್ಚಿ ಎಳೆದುಕೊಂಡು ಎಣಿಸಿ, ಪುಸ್ತಕದ ಮೊದಲ ಹಾಳೆಯಲ್ಲಿ ತಾರೀಖು ಹಾಕಿ ಬರೆಯಿರಿ.